ಟ್ರಾವೆಲ್ ಟ್ರೈಲರಿನ ಟೈರು: ಸಿಡಿತದ ಹಿಂದಿನ ಲೆಕ್ಕ

ಟ್ರಾವೆಲ್ ಟ್ರೈಲರ್ ಎಂಬುದು ಸ್ವಂತ ಎಂಜಿನ್ ಇಲ್ಲದೆ, ಇನ್ನೊಂದು ವಾಹನದ ಹಿಂದೆ ಕೊಂಡಿ ಹಾಕಿಸಿಕೊಂಡು ಓಡಾಡುವ ಮನೆ. ಮಂಚ, ಒಲೆ, ಫ್ರಿಜ್ಜು, ಬಚ್ಚಲು, ನೀರಿನ ತೊಟ್ಟಿ, ಗ್ಯಾಸ್ ಸಿಲಿಂಡರು ಎಲ್ಲವೂ ಅದರೊಳಗೇ ಇರುತ್ತವೆ. ಅಮೆರಿಕದಲ್ಲಿ ಇಂಥ ಮನೆಯನ್ನು ಪಿಕಪ್ ಟ್ರಕ್ಕಿನಿಂದ ಎಳೆದುಕೊಂಡು ಊರೂರು ಸುತ್ತುವ ಕುಟುಂಬಗಳಿಗೆ ಲೆಕ್ಕವಿಲ್ಲ. ಚಳಿಗಾಲ ಬಂತೆಂದರೆ ಉತ್ತರದ ಹಿಮ ತಪ್ಪಿಸಿಕೊಂಡು ಅರಿಜೋನಾದ ಕ್ವಾರ್ಟ್‌ಸೈಟ್‌ನಂಥ ಮರುಭೂಮಿಯ ಊರುಗಳಿಗೆ ಸಾಲುಸಾಲಾಗಿ ಇಳಿಯುವ ನಿವೃತ್ತರೇ ಒಂದು ದೊಡ್ಡ ವರ್ಗ. ಈ ವಾಹನಗಳಲ್ಲಿ ಬಹುಪಾಲು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಪಟ್ಟಣದ ಸುತ್ತಮುತ್ತ. ಮನೆಯೊಳಗಿನ ಮರಗೆಲಸ, ಗ್ರಾನೈಟಿನಂತೆ ಕಾಣುವ ಅಡುಗೆ ಕಟ್ಟೆ, ಗುಂಡಿ ಒತ್ತಿದರೆ ಹೊರಚಾಚುವ ಕೋಣೆ, ಇವನ್ನೆಲ್ಲ ನೋಡಿ ಮೆಚ್ಚಿ ಕೊಳ್ಳುವವರು ಅಂಗಡಿಯಲ್ಲಿ ಬಗ್ಗಿ ಚಕ್ರ ನೋಡುವುದು ಕಡಿಮೆ. ಆದರೆ ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಟ್ರೈಲರು ಮಾಲೀಕರು ಸೇರಿದಲ್ಲೆಲ್ಲ ಮಾತು ಟೈರಿನ ಕಡೆಗೇ ತಿರುಗುತ್ತದೆ.

ಕಾರಿನ ಮುಂದಿನ ಟೈರು ಸಿಡಿದರೆ ಸ್ಟೀರಿಂಗ್ ಆ ಕ್ಷಣವೇ ಕೈಗೆ ಸುದ್ದಿ ಮುಟ್ಟಿಸುತ್ತದೆ. ಟ್ರೈಲರಿನ ಟೈರು ಸಿಡಿದಾಗ ಹಾಗಲ್ಲ. ಅದು ಚಾಲಕನಿಂದ ಏಳೆಂಟು ಮೀಟರು ಹಿಂದೆ ಇರುತ್ತದೆ. ಅಚ್ಚು ಎರಡಿದ್ದರೆ ಪಕ್ಕದ ಚಕ್ರ ಭಾರವನ್ನು ಹೊತ್ತು ಸಾಗುತ್ತಲೇ ಇರುತ್ತದೆ. ಪಕ್ಕದಲ್ಲಿ ಹಾದುಹೋದ ಯಾರೋ ಕೈಬೀಸಿ ತೋರಿಸಿದಾಗಲೇ ವಿಷಯ ತಿಳಿಯುವುದೂ ಉಂಟು. ಅಷ್ಟರಲ್ಲಿ ಕಿತ್ತ ರಬ್ಬರಿನ ಪಟ್ಟಿ, ಒಳಗೆ ಉಕ್ಕಿನ ತಂತಿ ತುಂಬಿಕೊಂಡದ್ದು, ಚಕ್ರದ ಜತೆ ತಿರುಗುತ್ತ ಚಾಟಿಯಂತೆ ಬಡಿದು ಮಡ್‌ಗಾರ್ಡನ್ನು ಹರಿದಿರುತ್ತದೆ. ನೆಲದ ಹಲಗೆ ತೂತಾಗಿರುತ್ತದೆ. ವಿದ್ಯುತ್ ತಂತಿ, ಕೊಳೆನೀರಿನ ಕೊಳವೆ, ಕೆಲವು ಸಲ ಗ್ಯಾಸಿನ ಕೊಳವೆಯೂ ಪೆಟ್ಟು ತಿಂದಿರುತ್ತವೆ. ಟೈರಿನ ಬೆಲೆಗಿಂತ ರಿಪೇರಿಯ ಬಿಲ್ಲು ಎಷ್ಟೋ ಪಟ್ಟು ಹೆಚ್ಚು. ಒಂದು ಸಿಡಿದಾಗ ಅದರ ಪಾಲಿನ ಭಾರವೂ ಪಕ್ಕದ ಟೈರಿನ ಮೇಲೆ ಬೀಳುವುದರಿಂದ, ಹೊರಗೆ ಚೆನ್ನಾಗಿ ಕಂಡರೂ ಆ ಎರಡನೆಯದನ್ನು ಮತ್ತೆ ನಂಬುವಂತಿಲ್ಲ.

ಸಿಡಿತ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ವೈಫಲ್ಯಗಳು ಅಡಗಿವೆ. ಟೈರಿನಲ್ಲಿ ಭಾರ ಹೊರುವುದು ರಬ್ಬರಲ್ಲ, ಗಾಳಿ. ಆ ಗಾಳಿಯನ್ನು ಹಿಡಿದಿಡುವುದು ಪಕ್ಕದಿಂದ ಪಕ್ಕಕ್ಕೆ ಹಾಯುವ ಪಾಲಿಯೆಸ್ಟರ್ ದಾರಗಳ ಪದರ. ಅದರ ಮೇಲೆ, ನೆಲಕ್ಕೆ ತಾಗುವ ಬಟನ್ ಭಾಗದ ಅಡಿಯಲ್ಲಿ, ಉಕ್ಕಿನ ತಂತಿಯ ಎರಡು ಪಟ್ಟಿಗಳು ಒಂದಕ್ಕೊಂದು ಓರೆಯಾಗಿ ಕೂತಿರುತ್ತವೆ. ಉಕ್ಕು ಮತ್ತು ರಬ್ಬರು ತಾವಾಗಿ ಅಂಟುವ ವಸ್ತುಗಳಲ್ಲ. ತಂತಿಗೆ ಹಿತ್ತಾಳೆಯ ತೆಳು ಲೇಪ ಕೊಟ್ಟಿರುತ್ತಾರೆ. ಟೈರನ್ನು ಮೋಲ್ಡಿನಲ್ಲಿ ಬೇಯಿಸುವಾಗ ಹಿತ್ತಾಳೆಯಲ್ಲಿನ ತಾಮ್ರ ರಬ್ಬರಿನಲ್ಲಿನ ಗಂಧಕದೊಂದಿಗೆ ಕೂಡಿ ಬಂಧ ಏರ್ಪಡುತ್ತದೆ. ಈ ಬಂಧಕ್ಕೆ ಅತಿ ಹೆಚ್ಚು ಒತ್ತಡ ಬೀಳುವುದು ಪಟ್ಟಿಗಳ ಅಂಚಿನಲ್ಲಿ. ಅಲ್ಲಿ ಕೂದಲೆಳೆಯ ಬಿರುಕು ಹುಟ್ಟಿ, ಚಕ್ರ ಉರುಳಿದಂತೆಲ್ಲ ಒಳಗೊಳಗೇ ಬೆಳೆದು, ಒಂದು ದಿನ ಮೇಲಿನ ಪಟ್ಟಿ ಬಟನ್ ಸಮೇತ ಸಿಪ್ಪೆಯಂತೆ ಏಳುತ್ತದೆ. ಇದು ಮೊದಲನೆಯ ಬಗೆ. ಕೆಲವು ಕಂಪನಿಗಳು ಪಟ್ಟಿಗಳ ಮೇಲೆ ನೈಲಾನಿನ ಇನ್ನೊಂದು ಪದರ ಸುತ್ತುವುದು, ವೇಗದಲ್ಲಿ ಪಟ್ಟಿಗಳು ಹೊರಕ್ಕೆ ಹಿಗ್ಗದಂತೆ ತಡೆಯಲಿಕ್ಕೆ. ಎರಡನೆಯ ಬಗೆಯಲ್ಲಿ ಮೊಳೆಯೋ ಸೋರುವ ವಾಲ್ವೋ ಕಾರಣವಾಗಿ ಗಾಳಿ ಮೆಲ್ಲಗೆ ಇಳಿದಿರುತ್ತದೆ. ಗಾಳಿ ಇಳಿದ ಟೈರು ಹೆದ್ದಾರಿಯ ವೇಗದಲ್ಲಿ ಪ್ರತಿ ಸುತ್ತಿಗೂ ಮಡಿಚಿ ಬಿಚ್ಚಿ, ಪಕ್ಕದ ದಾರಗಳು ಕಾದು ಬಲಗುಂದಿ ಸುತ್ತಲೂ ಹರಿಯುತ್ತವೆ.

ಈ ವ್ಯತ್ಯಾಸ ತಿಳಿಯದೆ ನಡೆಯುವ ವಾದಗಳು ಬಹಳ. ಬೆಳಿಗ್ಗೆ ಗಾಳಿ ನೋಡಿದ್ದೆ, ಸರಿಯಾಗಿತ್ತು, ಆದ್ದರಿಂದ ಟೈರೇ ಕಳಪೆ ಎನ್ನುತ್ತಾನೆ ಮಾಲೀಕ. ಗಾಳಿ ಕಡಿಮೆಯಿತ್ತು, ತಪ್ಪು ಮಾಲೀಕನದೇ ಎನ್ನುತ್ತದೆ ಕಂಪನಿ. ಹೊರಟ ಮೇಲೆ ಹೊಕ್ಕ ಮೊಳೆ ಮಧ್ಯಾಹ್ನದ ಹೊತ್ತಿಗೆ ಟೈರನ್ನು ಮುಗಿಸಬಲ್ಲದು. ಗಾಳಿ ತುಂಬಿದ್ದ ಟೈರಿನ ಪಟ್ಟಿ ಒಳಗಿನ ದೋಷದಿಂದಲೂ ಏಳಬಲ್ಲದು. ಉಳಿದ ಚೂರುಗಳನ್ನು ನೋಡಿದರೆ ಯಾವುದು ನಡೆಯಿತೆಂದು ಬಲ್ಲವರು ಹೇಳಿಯಾರು. ಆದರೆ ಆ ಚೂರುಗಳು ಸಾಮಾನ್ಯವಾಗಿ ರಸ್ತೆಯುದ್ದಕ್ಕೂ ಚೆಲ್ಲಿಹೋಗಿರುತ್ತವೆ.

ಟ್ರೈಲರಿಗೆಂದೇ ತಯಾರಾಗುವ ಟೈರುಗಳ ಪಕ್ಕದಲ್ಲಿ ಎಸ್‌ಟಿ ಎಂಬ ಅಕ್ಷರಗಳಿರುತ್ತವೆ. ಸ್ಪೆಷಲ್ ಟ್ರೈಲರ್ ಎಂದು ಅದರ ಅರ್ಥ. ಎಸ್‌ಟಿ225/75ಆರ್15 ಎಂದು ಬರೆದಿದ್ದರೆ ಅಗಲ 225 ಮಿಲಿಮೀಟರು, ಟೈರಿನ ಪಕ್ಕದ ಎತ್ತರ ಅದರ ನೂರಕ್ಕೆ 75, ರಿಮ್ಮು 15 ಇಂಚು. ಬಳಿಕ ಬರುವ ಅಕ್ಷರ ಹೊರೆಯ ದರ್ಜೆಯದು. ಸಿ ದರ್ಜೆಯ ಟೈರಿಗೆ 50 ಪಿಎಸ್‌ಐ ಗಾಳಿ, ಡಿ ದರ್ಜೆಗೆ 65, ಇ ದರ್ಜೆಗೆ 80. ಇದೇ 225ರ ಟೈರು ಸಿ ದರ್ಜೆಯಲ್ಲಿ 2150 ಪೌಂಡು ಹೊತ್ತರೆ, ಡಿ ದರ್ಜೆಯಲ್ಲಿ 2540, ಇ ದರ್ಜೆಯಲ್ಲಿ 2830 ಪೌಂಡು ಹೊರುತ್ತದೆ. ಒಂದೇ ಅಳತೆಯ ಲಘು ಟ್ರಕ್ಕಿನ ಟೈರಿಗಿಂತ ಎಸ್‌ಟಿ ಟೈರಿಗೆ ಹೆಚ್ಚು ಭಾರ ಬರೆದಿರುವುದನ್ನು ಕಂಡು ಇದು ಹೆಚ್ಚು ಗಟ್ಟಿ ಎಂದು ತಿಳಿಯುವವರಿದ್ದಾರೆ. ನಿಜಸಂಗತಿ ಬೇರೆ. ಟ್ರೈಲರನ್ನು ಗಂಟೆಗೆ 65 ಮೈಲಿ, ಎಂದರೆ ಸುಮಾರು 105 ಕಿಲೋಮೀಟರಿಗಿಂತ ಜೋರಾಗಿ ಎಳೆಯುವುದಿಲ್ಲ ಎಂಬ ಹಳೆಯ ಊಹೆಯ ಮೇಲೆ ಆ ಅಂಕಿ ನಿಂತಿದೆ. ವೇಗದಲ್ಲಿ ಉಳಿಸಿದ್ದನ್ನು ಭಾರದಲ್ಲಿ ಖರ್ಚು ಮಾಡಿದ್ದಾರೆ, ಅಷ್ಟೆ. ಬಹುಕಾಲ ಎಸ್‌ಟಿ ಟೈರಿನ ಮೇಲೆ ವೇಗದ ಅಕ್ಷರವೇ ಇರುತ್ತಿರಲಿಲ್ಲ. ಇಲ್ಲದಿದ್ದರೆ 65 ಮೈಲಿ ಎಂದೇ ಲೆಕ್ಕ. ಇತ್ತೀಚಿನವುಗಳಲ್ಲಿ ಎಲ್ ಇದ್ದರೆ ಗಂಟೆಗೆ 120 ಕಿಲೋಮೀಟರು, ಎಂ ಇದ್ದರೆ 130, ಎನ್ ಇದ್ದರೆ 140.

ಗಾಬರಿ ಹುಟ್ಟಿಸುವ ಲೆಕ್ಕ ಇನ್ನೊಂದಿದೆ. ಮಧ್ಯಮ ಗಾತ್ರದ ಟ್ರೈಲರಿಗೆ ತಲಾ 3500 ಪೌಂಡಿನ ಎರಡು ಅಚ್ಚುಗಳಿರುವುದು ಸಾಮಾನ್ಯ. ಅದಕ್ಕೆ ವರ್ಷಗಟ್ಟಲೆ ಹಾಕುತ್ತ ಬಂದದ್ದು 14 ಇಂಚಿನ ಸಿ ದರ್ಜೆಯ 205ರ ಟೈರು. ಅದರ ಗರಿಷ್ಠ ಹೊರೆ 1760 ಪೌಂಡು. ಅಚ್ಚಿಗೆ ಎರಡು ಟೈರಿನಂತೆ 3520 ಪೌಂಡು. ಅಚ್ಚಿನ ಸಾಮರ್ಥ್ಯಕ್ಕೂ ಟೈರುಗಳ ಸಾಮರ್ಥ್ಯಕ್ಕೂ ನಡುವೆ ಉಳಿದದ್ದು 20 ಪೌಂಡು. ಒಂಬತ್ತು ಕಿಲೋ, ಅರ್ಧ ಬಿಂದಿಗೆ ನೀರಿನ ತೂಕ. ಅದೂ ಗಾಳಿ ಸರಿಯಾಗಿ 50 ಪಿಎಸ್‌ಐ ಇದ್ದರೆ ಮಾತ್ರ. 40ಕ್ಕೆ ಇಳಿದರೆ ಆ ಟೈರಿನ ಶಕ್ತಿ ಸುಮಾರು 1530 ಪೌಂಡಿಗೆ ಕುಸಿಯುತ್ತದೆ. ಇಷ್ಟು ಬಿಗಿಯಾಗಿ ಹೊಂದಿಸುವುದಕ್ಕೆ ಕಾನೂನಿನ ಅಡ್ಡಿ ಇರಲಿಲ್ಲ. ಅಚ್ಚಿನ ಮೇಲಿನ ಟೈರುಗಳ ಒಟ್ಟು ಸಾಮರ್ಥ್ಯ ಅಚ್ಚಿಗೆ ಬರೆದ ಭಾರಕ್ಕಿಂತ ಕಡಿಮೆ ಇರಬಾರದು ಎಂಬುದಷ್ಟೇ ಅಮೆರಿಕದ ನಿಯಮ. ಕಾರಿನ ಟೈರನ್ನೇ ಟ್ರೈಲರಿಗೆ ಹಾಕುವುದಾದರೆ ಅದರ ಸಾಮರ್ಥ್ಯವನ್ನು 1.10ರಿಂದ ಭಾಗಿಸಿ ಇಳಿಸಿಕೊಳ್ಳಬೇಕೆಂದು ಅದೇ ನಿಯಮ ಹೇಳುತ್ತದೆ. ಎಸ್‌ಟಿ ಟೈರಿಗೆ ಆ ಕಡಿತ ಇಲ್ಲ. ಟ್ರೈಲರು ತಯಾರಕರ ಸಂಘವೇ 2017ರಲ್ಲಿ ಮುಂದೆ ಬಂದು, ತನ್ನ ಮುದ್ರೆ ಬೇಕಾದ ಟ್ರಾವೆಲ್ ಟ್ರೈಲರುಗಳ ಟೈರಿನಲ್ಲಿ ನೂರಕ್ಕೆ ಹತ್ತರಷ್ಟು ಮೀಸಲು ಇರಲೇಬೇಕೆಂದು ಗೊತ್ತುಮಾಡಿತು. ಅದಕ್ಕೂ ಹಿಂದೆ ತಯಾರಾದ ಟ್ರೈಲರುಗಳು ಇನ್ನೂ ರಸ್ತೆಯಲ್ಲಿವೆ, ಕೈಯಿಂದ ಕೈಗೆ ಮಾರಾಟವಾಗುತ್ತಲೂ ಇವೆ.

ಕಾಗದದ ಮೇಲಿನ ಭಾರ ಬೇರೆ, ನಿಜವಾದ ಭಾರ ಬೇರೆ. ಟ್ರೈಲರಿನ ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಕೊಂಡಿಯ ಮೂಲಕ ಮುಂದಿನ ವಾಹನಕ್ಕೆ ಹೋಗುತ್ತದೆ, ಉಳಿದದ್ದು ಚಕ್ರಗಳಿಗೆ. ಆದರೆ ಅದು ನಾಲ್ಕಕ್ಕೂ ಸಮನಾಗಿ ಹಂಚಿಹೋಗುವುದಿಲ್ಲ. ಅಡುಗೆ ಕಟ್ಟೆ, ಫ್ರಿಜ್ಜು, ಹೊರಚಾಚುವ ಕೋಣೆ ಒಂದೇ ಮಗ್ಗುಲಿನಲ್ಲಿದ್ದರೆ ಆ ಮಗ್ಗುಲಿನ ಟೈರುಗಳಿಗೆ ಹೆಚ್ಚು ಹೊರೆ. 40 ಗ್ಯಾಲನಿನ ತೊಟ್ಟಿ ತುಂಬಿದರೆ ಸುಮಾರು 150 ಕಿಲೋ ನೀರು. ಕೊಂಡಿಯ ಎತ್ತರ ತಪ್ಪಿ ಟ್ರೈಲರು ಮುಂದಕ್ಕೋ ಹಿಂದಕ್ಕೋ ವಾಲಿದ್ದರೆ ಒಂದು ಅಚ್ಚು ಇನ್ನೊಂದರ ಭಾರವನ್ನೂ ಹೊರುತ್ತದೆ. ಒಟ್ಟು ತೂಕ ಮಿತಿಯೊಳಗೇ ಇದ್ದು ಒಂದು ಟೈರು ಮಾತ್ರ ಮಿತಿ ಮೀರಿರುವುದು ಹೀಗೆ.

ಎರಡು ಅಚ್ಚಿನ ಟ್ರೈಲರಿಗೆ ಕಾರಿಗಿಲ್ಲದ ಇನ್ನೊಂದು ಕಷ್ಟ ತಿರುವಿನಲ್ಲಿ ಎದುರಾಗುತ್ತದೆ. ಕಾರಿನ ಮುಂದಿನ ಚಕ್ರಗಳು ತಿರುಗುವ ದಿಕ್ಕಿಗೆ ಹೊರಳುತ್ತವೆ. ಟ್ರೈಲರಿನ ನಾಲ್ಕೂ ಚಕ್ರಗಳು ನೇರವಾಗಿಯೇ ಕೂತಿರುವುದರಿಂದ, ತಿರುವಿನಲ್ಲಿ ಮುಂದಿನ ಜೋಡಿಯನ್ನು ಒಂದು ಕಡೆಗೂ ಹಿಂದಿನ ಜೋಡಿಯನ್ನು ವಿರುದ್ಧ ಕಡೆಗೂ ನೆಲ ಎಳೆಯುತ್ತದೆ. ಪೆಟ್ರೋಲ್ ಬಂಕಿನಲ್ಲಿ ಬಿಗಿಯಾಗಿ ತಿರುಗಿಸುವಾಗ ಹೊರಗೆ ನಿಂತು ನೋಡಿದರೆ ಟೈರುಗಳು ರಿಮ್ಮಿನಡಿಯಲ್ಲಿ ಓರೆಯಾಗಿ ತಿರುಚಿಕೊಳ್ಳುವುದು ಬರಿಗಣ್ಣಿಗೇ ಕಾಣುತ್ತದೆ. ಆ ತಿರುಚು ನೇರವಾಗಿ ಮುಟ್ಟುವುದು ಉಕ್ಕಿನ ಪಟ್ಟಿಗಳ ನಡುವಿನ ಬಂಧವನ್ನು. ಬಟನ್ ಒಂದಿಷ್ಟೂ ಸವೆಯದ ಟ್ರೈಲರ್ ಟೈರು ಪಟ್ಟಿ ಎದ್ದು ಹೋಗುವುದಕ್ಕೆ ಇದೊಂದು ದೊಡ್ಡ ಕಾರಣ. ಕಾರಿನಲ್ಲಿ ಟೈರು ಬದಲಿಸುವ ಹೊತ್ತನ್ನು ಬಟನ್ನಿನ ಆಳ ಹೇಳುತ್ತದೆ. ಟ್ರೈಲರಿನಲ್ಲಿ ಅದು ಏನನ್ನೂ ಹೇಳುವುದಿಲ್ಲ.

ಇವೆಲ್ಲ ಸೇರಿ ಹುಟ್ಟಿಸುವುದು ಶಾಖ. ಭಾರ ಹೆಚ್ಚಿದರೂ ಗಾಳಿ ಇಳಿದರೂ ವೇಗ ಏರಿದರೂ ಟೈರು ಕಾಯುತ್ತದೆ. ಕಾದ ರಬ್ಬರಿನ ಬಂಧ ಸಡಿಲವಾಗುತ್ತದೆ. ಬೇಸಿಗೆಯ ಮಧ್ಯಾಹ್ನ ಅರಿಜೋನಾದ ಡಾಂಬರು 60 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸತಲ್ಲ. ಕ್ಯಾಲಿಫೋರ್ನಿಯಾ ರಾಜ್ಯ ಟ್ರೈಲರು ಎಳೆಯುವ ವಾಹನಗಳಿಗೆ ಗಂಟೆಗೆ 55 ಮೈಲಿಯ ಮಿತಿ ಹಾಕಿದೆ. ಟೆಕ್ಸಸ್ಸಿನ ರಾಜ್ಯ ಹೆದ್ದಾರಿ 130ರ ಒಂದು ಭಾಗದಲ್ಲಿ 85 ಮೈಲಿಯ ಫಲಕವಿದೆ. ಒಂದೇ ಟೈರು ಎರಡೂ ಕಡೆ ಓಡುತ್ತದೆ. ಕಾದಾಗ ಟೈರಿನೊಳಗಿನ ಒತ್ತಡ ಏರುವುದು ಸಹಜ. ತಯಾರಕರು ಆ ಏರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ತಣ್ಣಗಿನ ಟೈರಿನ ಒತ್ತಡವನ್ನು ನಮೂದಿಸಿರುತ್ತಾರೆ. ದಾರಿಯಲ್ಲಿ ನಿಲ್ಲಿಸಿ, ಮೀಟರು ಹೆಚ್ಚು ತೋರಿಸಿತೆಂದು ಗಾಳಿ ಬಿಡುವವರು ತಿಳಿಯದೆಯೇ ಟೈರನ್ನು ಇನ್ನಷ್ಟು ಕಾಯಿಸುತ್ತಾರೆ. ಗಾಳಿಯ ಬದಲು ನೈಟ್ರೋಜನ್ ತುಂಬಿಸಿದರೆ ಸಿಡಿಯುವುದಿಲ್ಲ ಎಂಬ ನಂಬಿಕೆ ಅಲ್ಲಿಯೂ ಇದೆ, ನಮ್ಮ ಪೆಟ್ರೋಲ್ ಬಂಕುಗಳಲ್ಲಿಯೂ ಇದೆ. ಮಾಮೂಲಿ ಗಾಳಿಯಲ್ಲಿ ನೂರಕ್ಕೆ 78 ಪಾಲು ನೈಟ್ರೋಜನ್ನೇ.

ಮಾಲೀಕರ ಸಿಟ್ಟು ಮಾತ್ರ ಬಹುಕಾಲದಿಂದ ತಿರುಗಿರುವುದು ಚೀನಾದ ಕಡೆಗೆ. ಹೊಸ ಟ್ರೈಲರುಗಳೊಂದಿಗೆ ಬರುವ ಅಗ್ಗದ ಟೈರುಗಳಿಗೆ ಅವರು ಇಟ್ಟ ಅಡ್ಡಹೆಸರು ಚೈನಾ ಬಾಂಬ್. ಸಿಟ್ಟಿಗೆ ಆಧಾರವೇ ಇಲ್ಲವೆನ್ನಲಾಗದು. 2007ರಲ್ಲಿ ನ್ಯೂಜೆರ್ಸಿಯ ಫಾರಿನ್ ಟೈರ್ ಸೇಲ್ಸ್ ಎಂಬ ಆಮದುದಾರ ಸಂಸ್ಥೆ, ಚೀನಾದ ಹಾಂಗ್‌ಝೌ ಝೊಂಗ್‌ಸೆ ಕಾರ್ಖಾನೆಯಿಂದ ತರಿಸಿದ ಲಘು ಟ್ರಕ್ ಟೈರುಗಳಲ್ಲಿ ಉಕ್ಕಿನ ಪಟ್ಟಿಗಳ ಅಂಚಿಗೆ ಇರಬೇಕಾದ ರಬ್ಬರಿನ ತೆಳು ಪಟ್ಟಿ ಇಲ್ಲವೇ ಇಲ್ಲ ಅಥವಾ ಸಾಲದಷ್ಟಿದೆ ಎಂದು ಸರ್ಕಾರಕ್ಕೆ ತಿಳಿಸಿತು. ನಾಲ್ಕೂವರೆ ಲಕ್ಷ ಟೈರುಗಳ ಮಾತು ಮೊದಲು ಬಂದು, ಹಿಂದಕ್ಕೆ ಕರೆಯುವ ಹೊತ್ತಿಗೆ ಅಂಕಿ ಇಳಿಯಿತು. ಕಾರ್ಖಾನೆ ದೋಷವನ್ನು ಒಪ್ಪಲಿಲ್ಲ. ಪಟ್ಟಿ ಏಳುವುದನ್ನು ತಡೆಯಲೆಂದೇ ಇರುವ ಸಾಧನ ಅದು. ಅದನ್ನು ಬಿಟ್ಟರೆ ಹೊರಗೆ ಕಾಣುವುದೂ ಇಲ್ಲ.

ಆದರೂ ದೇಶದ ಹೆಸರು ಗುಣದ ಅಳತೆಯಾಗಲಾರದು. ಗುಡ್‌ಇಯರ್ ಕಂಪನಿ 2017ರಲ್ಲಿ ಎಂಡ್ಯೂರೆನ್ಸ್ ಎಂಬ ಟ್ರೈಲರ್ ಟೈರನ್ನು ಅಮೆರಿಕದಲ್ಲೇ ತಯಾರಿಸಿ ತಂದಾಗ ಮಾಲೀಕರು ಮುಗಿಬಿದ್ದು ಕೊಂಡರು. ಹೆಚ್ಚು ಭಾರದ ಟ್ರೈಲರಿನವರು ಅಷ್ಟೇ ಭರವಸೆಯಿಂದ ಹಾಕಿಸುವ ಇನ್ನೊಂದು ಟೈರು ಸೈಲುನ್ ಕಂಪನಿಯ ಎಸ್637. ಸೈಲುನ್ ಚೀನಾದ ಚಿಂಗ್‌ಡಾವಿನ ಕಂಪನಿ. ಆ ಟೈರಿನ ಮೈಪದರವೂ ಉಕ್ಕಿನದೇ. ಜಿ ದರ್ಜೆ, 110 ಪಿಎಸ್‌ಐ. ಈ ಎರಡರ ಹೆಸರು ನಿಂತಿರುವುದು ಹೆಚ್ಚು ವೇಗದ ದರ್ಜೆಯ ಮೇಲೆ ಅಥವಾ ಹೆಚ್ಚು ಹೊರೆಯ ಮೀಸಲಿನ ಮೇಲೆ. ಕಾರ್ಖಾನೆ ಯಾವ ದೇಶದಲ್ಲಿದೆ ಎಂಬುದಕ್ಕಿಂತ, ಟ್ರೈಲರು ತಯಾರಕ ಟೈರಿಗೆ ಎಷ್ಟು ಕೊಡಲು ಸಿದ್ಧನಿದ್ದ ಎಂಬುದು ದೊಡ್ಡ ಪ್ರಶ್ನೆ.

ಕೊಳ್ಳುವವನಿಗೆ ಅಳತೆಗೋಲು ಸಿಗದಿರುವುದಕ್ಕೆ ಕಾನೂನೂ ಕಾರಣ. 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಯಿತು. ಅವು ಹೆಚ್ಚಾಗಿ ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳಲ್ಲಿದ್ದವು. ಪಟ್ಟಿ ಎದ್ದು ವಾಹನ ಮಗುಚಿದ ಪ್ರಕರಣಗಳು ಟೆಕ್ಸಸ್, ಫ್ಲಾರಿಡಾ, ಅರಿಜೋನಾದಂಥ ಬಿಸಿ ರಾಜ್ಯಗಳಲ್ಲೇ ಅಧಿಕ. ಹೆದ್ದಾರಿ ಸುರಕ್ಷತೆಯ ಸರ್ಕಾರಿ ಇಲಾಖೆ ಕೊನೆಗೆ ಎಣಿಸಿದ ಸಾವು 271. ಅದೇ ವರ್ಷ ನವೆಂಬರ್‌ನಲ್ಲಿ ಟ್ರೆಡ್ ಕಾಯಿದೆ ಬಂತು. ಅದರ ಫಲವಾಗಿ ಹುಟ್ಟಿದ ಮಾನದಂಡ 139 ಹೆಚ್ಚಿನ ವೇಗ, ಬಾಳಿಕೆ, ಕಡಿಮೆ ಗಾಳಿ ಮೂರರಲ್ಲೂ ಟೈರನ್ನು ಓಡಿಸಿ ನೋಡುತ್ತದೆ. ಹೊಸ ಕಾರುಗಳಲ್ಲಿ ಗಾಳಿ ಇಳಿದರೆ ದೀಪ ಉರಿಯಲೇಬೇಕೆಂಬ ನಿಯಮವೂ 2007ರ ಸೆಪ್ಟೆಂಬರಿನಿಂದ ಪೂರ್ತಿ ಜಾರಿಯಾಯಿತು. ಎರಡರಿಂದಲೂ ಟ್ರೈಲರು ಹೊರಗುಳಿಯಿತು. ಎಸ್‌ಟಿ ಟೈರು ಇಂದಿಗೂ 1970ರ ದಶಕದ ಮಾನದಂಡ 119ರ ಅಡಿಯಲ್ಲಿದೆ. ಅದರಲ್ಲಿ ಕಡಿಮೆ ಗಾಳಿಯ ಪರೀಕ್ಷೆಯೇ ಇಲ್ಲ. ಕಾರಿನ ಟೈರಿನ ಮೇಲೆ ಸವೆತ, ಹಿಡಿತ, ಶಾಖಸಹನೆಗಳ ದರ್ಜೆ ಮುದ್ರಿಸಬೇಕೆಂಬ ನಿಯಮವೂ ಇದಕ್ಕೆ ಅನ್ವಯಿಸದು. ಗಾಳಿ ಇಳಿದದ್ದನ್ನು ಚಾಲಕ ತಾನಾಗಿ ತಿಳಿಯಲಾರದ ವಾಹನವನ್ನೇ ಎಚ್ಚರಿಕೆಯ ದೀಪದಿಂದ ಹೊರಗಿಟ್ಟದ್ದು ವಿಚಿತ್ರ ವಿವೇಕ.

ಟೈರಿಗೆ ವಯಸ್ಸೂ ಇದೆ. ಟ್ರೈಲರು ವರ್ಷದಲ್ಲಿ ಬಹುಕಾಲ ಹಿತ್ತಲಲ್ಲಿ ನಿಂತಿರುವ ವಾಹನ. ಓಜೋನಿನಿಂದ ರಬ್ಬರು ಬಿರಿಯದಂತೆ ಅದರಲ್ಲಿ ಮೇಣ ಮತ್ತು ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಟೈರು ಉರುಳುತ್ತ ಬಾಗುತ್ತಿದ್ದರೆ ಅವು ಒಳಗಿನಿಂದ ಮೇಲ್ಮೈಗೆ ಬರುತ್ತಿರುತ್ತವೆ. ನಿಂತ ಟೈರಿಗೆ ಆ ರಕ್ಷಣೆ ಕಡಿಮೆ. ಬಿಸಿಲೂ ಸೇರಿದರೆ ಬಿರುಕು ಬೇಗ. ಟೈರಿನ ಪಕ್ಕದಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕೆಗಳೇ ಅದರ ಜಾತಕ: 2321 ಎಂದಿದ್ದರೆ 2021ರ 23ನೆಯ ವಾರ ತಯಾರಾದದ್ದು. ಹೊಸ ಟ್ರೈಲರಿನಲ್ಲಿ ಬಂದ ಟೈರು ಗೋದಾಮಿನಲ್ಲೇ ವರ್ಷ ಕಳೆದಿರುವುದೂ ಉಂಟು. ಅನುಭವಿಗಳು ಐದಾರು ವರ್ಷಕ್ಕೆ ಬದಲಿಸಿಬಿಡುತ್ತಾರೆ. ಜರ್ಮನಿ ಇದನ್ನು ಮಾಲೀಕರ ವಿವೇಚನೆಗೆ ಬಿಟ್ಟಿಲ್ಲ. ಅಲ್ಲಿ ಕ್ಯಾರವಾನ್ ಎಳೆಯುವ ವಾಹನಕ್ಕೆ ಹೆದ್ದಾರಿಯಲ್ಲಿ ಗಂಟೆಗೆ 80 ಕಿಲೋಮೀಟರಿನ ಮಿತಿ. 100ರಲ್ಲಿ ಹೋಗುವ ಅನುಮತಿ ಬೇಕಾದರೆ ಟ್ರೈಲರಿನ ಟೈರು ಆರು ವರ್ಷಕ್ಕಿಂತ ಹಳೆಯದಾಗಿರಬಾರದು, ಕನಿಷ್ಠ ಎಲ್ ದರ್ಜೆಯ ವೇಗ ಅದಕ್ಕಿರಬೇಕು.

ಮಾಲೀಕರ ಕೈಯಲ್ಲಿರುವ ಉಪಾಯಗಳಲ್ಲಿ ಮೊದಲನೆಯದು ತೂಗಿಸುವುದು. ಅಮೆರಿಕದ ಹೆದ್ದಾರಿಗಳ ಟ್ರಕ್ ತಂಗುದಾಣಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕಯಂತ್ರಗಳಿವೆ. ಪ್ರಯಾಣಕ್ಕೆ ಹೊರಡುವ ಸ್ಥಿತಿಯಲ್ಲೇ, ನೀರು ನಿಡಿ ತುಂಬಿಕೊಂಡು, ಅಲ್ಲಿ ನಿಲ್ಲಿಸಿದರೆ ಚಕ್ರಗಳ ಮೇಲಿನ ಭಾರ ತಿಳಿಯುತ್ತದೆ. ಒಂದೊಂದು ಚಕ್ರವನ್ನೂ ಪ್ರತ್ಯೇಕವಾಗಿ ತೂಗಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಎರಡನೆಯದು ಒಂದು ದರ್ಜೆ ಮೇಲಿನ ಟೈರು. ಮೇಲೆ ಹೇಳಿದ 14 ಇಂಚಿನ ಟೈರಿನ ಡಿ ದರ್ಜೆ 2040 ಪೌಂಡು ಹೊರುತ್ತದೆ. ಅಚ್ಚಿಗೆ 20 ಪೌಂಡಿದ್ದ ಮೀಸಲು ಅಷ್ಟರಲ್ಲೇ 580 ಪೌಂಡಾಗುತ್ತದೆ. ಇದರಿಂದ ಟ್ರೈಲರಿನ ಒಟ್ಟು ಸಾಮರ್ಥ್ಯವೇನೂ ಹೆಚ್ಚುವುದಿಲ್ಲ, ಅಚ್ಚು ಹಳೆಯದೇ. ಹೆಚ್ಚಿದ ಒತ್ತಡವನ್ನು ರಿಮ್ಮು ತಾಳುತ್ತದೆಯೇ ಎಂದು ಮೊದಲು ನೋಡಬೇಕು. ವಾಲ್ವನ್ನೂ ನೋಡಬೇಕು: ಮಾಮೂಲಿ ರಬ್ಬರ್ ವಾಲ್ವಿನ ಮಿತಿ 65 ಪಿಎಸ್‌ಐ, ಅದಕ್ಕಿಂತ ಮೇಲೆ ಹೆಚ್ಚಿನ ಒತ್ತಡದ್ದೋ ಲೋಹದ್ದೋ ವಾಲ್ವು ಬೇಕು. ಇ ದರ್ಜೆಯ ದುಬಾರಿ ಟೈರು ಹಾಕಿಸಿ ಹಳೆಯ ರಬ್ಬರ್ ವಾಲ್ವನ್ನೇ ಉಳಿಸಿಕೊಂಡವರ ಟೈರಿನಿಂದ ಗಾಳಿ ಸೋರಿದರೆ ಅದು ಟೈರಿನ ದೋಷವಲ್ಲ. ಕೆಲವರು ರಿಮ್ಮು ಬದಲಿಸಿ 16 ಇಂಚಿನ ಲಘು ಟ್ರಕ್ ಟೈರಿಗೆ ಹೋಗುತ್ತಾರೆ. ಹೊರೆಯ ಅಂಕಿ ಹೊಂದುವುದಾದರೆ, ಚಕ್ರದ ಮೇಲೆ ಜಾಗವೂ ಇರುವುದಾದರೆ ಅದು ಒಳ್ಳೆಯ ದಾರಿಯೇ.

ವಾಲ್ವಿಗೆ ತಿರುಗಿಸಿ ಕೂರಿಸುವ ಒತ್ತಡದ ಸಂವೇದಕಗಳು ಅಂಗಡಿಯಲ್ಲಿ ಸಿಗುತ್ತವೆ. ಗಾಳಿ ಇಳಿದರೆ ಚಾಲಕನ ಮುಂದಿನ ಪರದೆ ಕೂಗಿಕೊಳ್ಳುತ್ತದೆ. ಮೆಲ್ಲಗೆ ಸೋರುವ ಟೈರನ್ನು ಇವು ಉಳಿಸುತ್ತವೆ. ಪಟ್ಟಿ ಏಳುತ್ತಿರುವುದನ್ನು ಮಾತ್ರ ಹೇಳಲಾರವು. ಕೊನೆಯ ಕ್ಷಣದವರೆಗೆ ಗಾಳಿ ಸರಿಯಾಗಿಯೇ ಇರುತ್ತದೆ. ಅದನ್ನು ಹಿಡಿಯುವುದಕ್ಕೆ ಚಕ್ರವನ್ನು ನೆಲದಿಂದ ಎತ್ತಿ ಕೈಯಿಂದ ತಿರುಗಿಸುತ್ತ, ಬಟನ್ನಿನ ಮೇಲೆ ಉಬ್ಬು ಎದ್ದಿದೆಯೇ, ತಿರುಗುವಾಗ ಅಂಚು ಓಲಾಡುತ್ತದೆಯೇ ಎಂದು ನೋಡಬೇಕು. ತಂಗುವಲ್ಲೆಲ್ಲ ಟೈರಿನ, ಅಚ್ಚಿನ ಗುಂಬದ ಬಿಸಿಯನ್ನು ಹೋಲಿಸಿ ನೋಡುವ ಅಭ್ಯಾಸವೂ ಒಳ್ಳೆಯದು. ನಾಲ್ಕರಲ್ಲಿ ಒಂದೇ ಹೆಚ್ಚು ಬಿಸಿಯಿದ್ದರೆ ಟೈರಲ್ಲದೆ ಬ್ರೇಕು ಹಿಡಿದುಕೊಂಡಿರುವುದೋ ಬೇರಿಂಗ್ ಕೆಟ್ಟಿರುವುದೋ ಕಾರಣವಿರಬಹುದು.

ಸಿಡಿದೇಬಿಟ್ಟಾಗ ಬ್ರೇಕನ್ನು ಒಮ್ಮೆಲೇ ತುಳಿಯುವುದು ಕೆಟ್ಟದ್ದು. ಟ್ರೈಲರು ಹಿಂದಿನಿಂದ ಓಲಾಡಲು ತೊಡಗುತ್ತದೆ. ಸ್ಟೀರಿಂಗನ್ನು ನೇರ ಹಿಡಿದು, ವೇಗವನ್ನು ತಾನಾಗಿ ಇಳಿಯಬಿಟ್ಟು, ಸಮತಟ್ಟಾದ ಗಟ್ಟಿ ನೆಲ ಸಿಗುವವರೆಗೆ ನಿಧಾನವಾಗಿ ಬದಿಗೆ ಸರಿಯಬೇಕು. ಸ್ಟೆಪ್ನಿ ಇದ್ದರೂ ಜಾಕು ಇಲ್ಲದ ಟ್ರೈಲರುಗಳು ಬಹಳ. ಜಾಕನ್ನು ಅಚ್ಚಿನ ಕೊಳವೆಗೆ ಕೊಟ್ಟರೆ ಅದು ಬಾಗುವ ಅಪಾಯವಿರುವುದರಿಂದ ತಯಾರಕರು ಚೌಕಟ್ಟಿಗೆ ಕೊಡಲು ಹೇಳುತ್ತಾರೆ. ಎರಡು ಅಚ್ಚಿನ ಟ್ರೈಲರಾದರೆ ಒಳ್ಳೆಯ ಚಕ್ರವನ್ನು ದಿಮ್ಮಿಯ ಮೇಲೆ ಹತ್ತಿಸಿದರೆ ಸಾಕು, ಕೆಟ್ಟದ್ದು ನೆಲ ಬಿಡುತ್ತದೆ. ಹೊಸ ಚಕ್ರದ ನಟ್ಟುಗಳನ್ನು 50 ಮೈಲಿ ಹೋದ ಮೇಲೆ ಮತ್ತೊಮ್ಮೆ ಬಿಗಿಯಬೇಕು.

ಕಿತ್ತುಹೋದ ಟೈರನ್ನು ಎಸೆಯದೆ, ಡಿಒಟಿ ಸಂಕೇತ ಕಾಣುವಂತೆ ಫೋಟೋ ತೆಗೆದಿಟ್ಟು, ಹೆದ್ದಾರಿ ಸುರಕ್ಷತಾ ಇಲಾಖೆಗೆ ದೂರು ಸಲ್ಲಿಸುವುದು ಮಾಲೀಕರು ಹೆಚ್ಚಾಗಿ ಬಿಟ್ಟುಬಿಡುವ ಕೆಲಸ. ಟೈರು ಕಂಪನಿಯಿಂದ ಹಣ ಬಂತೆಂದರೆ ವಿಷಯ ಅಲ್ಲಿಗೆ ಮುಗಿಯುತ್ತದೆ. ಇಲಾಖೆಗೆ ಅಂಕಿಅಂಶ ಸೇರುವುದಿಲ್ಲ. ಮೋಟಾರ್‌ಹೋಮ್ ಎಂಬ ಎಂಜಿನ್ ಸಹಿತ ಮನೆಗಳಿಗೆ ಹಾಕುತ್ತಿದ್ದ ಗುಡ್‌ಇಯರ್ ಜಿ159 ಟೈರಿನ ಕಥೆ ಇದಕ್ಕೆ ನಿದರ್ಶನ. ಸಾಮಾನು ಸಾಗಿಸುವ ಟ್ರಕ್ಕುಗಳ ಆ ಟೈರು 1996ರಿಂದ 2003ರವರೆಗೆ ತಯಾರಾಯಿತು. 1998ರಿಂದ 2009ರ ನಡುವೆ ಅದರ ವೈಫಲ್ಯದಿಂದ 8 ಸಾವು, 69 ಗಾಯಗಳಾದವೆಂದು ಇಲಾಖೆ ಹೇಳಿತು. ಕಂಪನಿ ದೋಷವನ್ನು ಒಪ್ಪದೆಯೇ 1,73,000 ಟೈರುಗಳನ್ನು ಹಿಂದಕ್ಕೆ ಕರೆದದ್ದು 2022ರ ಜೂನ್‌ನಲ್ಲಿ. ಅಂಥ ಕರೆ ಬಂದಾಗಲೂ ಪತ್ರ ತಲುಪುವುದು ಟೈರು ಕೊಂಡಾಗ ಸಂಕೇತ, ಹೆಸರು, ವಿಳಾಸಗಳನ್ನು ಕಂಪನಿಯಲ್ಲಿ ನೋಂದಾಯಿಸಿದವರಿಗೆ ಮಾತ್ರ. ಅಂಗಡಿಯವನು ಕೊಡುವ ಆ ನೋಂದಣಿ ಚೀಟಿಯನ್ನು ಅಲ್ಲೇ ನಿಂತು ತುಂಬಿಸಿಬಿಡುವುದು ಲೇಸು.